ಭೀಮ ನಿವಾಸಕ್ಕೊಂದು ದೀರ್ಘ

ಅರುಣಕುಮಾರ ಚಪ್ಪಲಿ ಬಿಡುವ ಮೊದಲೇ ಗೇಟಿನ ಕಂಬ ನೋಡಿ ನಿಂತುಬಿಟ್ಟ. ಕಂಬದ ಮೇಲೆ ನೀಲಿ ಬಣ್ಣದಲ್ಲಿ ‘ಭೀಮ ನಿವಾಸ’ ಎಂದು ಬರೆದಿತ್ತು.

“ವೈನಿ, ಇದಕ್ಕೊಂದು ದೀರ್ಘ ಹಾಕಿಸ್ರಿ.”

“ಯಾತಕ್ಕ?” ಪರಿಮಳಾ ಕಸಬರಿಗೆ ಹಿಡಿದೇ ಹೊರಗೆ ಬಂದಳು.

“ಮ ಅಕ್ಷರಕ್ಕ. ಭೀಮಾ ನಿವಾಸ. ಹೊಳಿ ಹೆಸರಾಗತದ. ಬಂದ ಮಂದಿ ಹೊಳಿ ಅನ್ಕೊಂಡು ಒಳಗ ಬರ್ತಾರ. ಹಿಂಗೇ ಬಿಟ್ಟರ ಗೇಟಿಂದೇ ಹೊಳ್ಳತಾವ ಕಾರು.”

ಅರುಣಕುಮಾರ ಹೊರಗಿನವನಲ್ಲ. ಅವಳ ಗಂಡನ ಚಿಕ್ಕಪ್ಪನ ಮಗ, ಅದೇ ಕೇರಿಯಲ್ಲಿ ಹುಟ್ಟಿದವನು. ಈಗ ಯಾದಗಿರಿಯಲ್ಲಿ ಕೂತು ಸುರಪುರ, ಶಹಾಪುರದ ಐದಾರು ಮನೆಗಳನ್ನು ಫೋನಿನ ಆ್ಯಪಿಗೆ ಹಾಕಿ, ಊರು ನೋಡಲು ಬರುವವರಿಗೆ ಒಂದೆರಡು ದಿನದ ಮಟ್ಟಿಗೆ ಬಾಡಿಗೆಗೆ ಕೊಡಿಸುತ್ತಿದ್ದ. ಪರಿಮಳಾಳ ಮನೆಯ ಮಾಳಿಗೆಯ ಮೇಲೆ ಎರಡು ಕೋಣೆಗಳಿದ್ದವು. ಅವುಗಳ ಮುಂದೆ ನಿಂತರೆ ಎದುರಿಗೆ ಶಹಾಪುರದ ಗುಡ್ಡ ಕಾಣುತ್ತದೆ. ಬುದ್ಧ ಅಂಗಾತ ಮಲಗಿದ ಹಾಗೆ ಹಣೆ, ಮೂಗು, ಗದ್ದ, ಎದೆ. ಆ ಗುಡ್ಡ ಕಾಣುತ್ತದೆಂದೇ ಅವಳ ಮಾವ ತಿಮ್ಮಣ್ಣ ಈ ಜಾಗ ಹಿಡಿದು ಮನೆ ಕಟ್ಟಿಸಿದ್ದು.

ಪರಿಮಳಾಗೆ ಈ ಬಾಡಿಗೆ ಮನೆ ನಡೆಯಲೇಬೇಕಿತ್ತು. ಗುರುಮಠಕಲ್ ಕಡೆಯ ಒಂದು ಶಾಲೆಯಲ್ಲಿ ಅವಳು ಹನ್ನೊಂದು ವರ್ಷ ಕಲಿಸಿದ್ದಳು. ಕಾಗದದಲ್ಲಿ ಅವಳು ಅತಿಥಿ ಶಿಕ್ಷಕಿ. ಹನ್ನೊಂದು ವರ್ಷ ಉಳಿದ ಅತಿಥಿಗೆ ಈ ಜೂನಿನಲ್ಲಿ, ಖಾಯಂ ಶಿಕ್ಷಕರು ಬಂದಿದ್ದಾರೆ, ನೀವಿನ್ನು ಬರುವುದು ಬೇಡ ಎಂದು ಫೋನಿನಲ್ಲೇ ಹೇಳಿ ಮುಗಿಸಿದ್ದರು. ಗಂಡ ದೇವಿಂದ್ರ ಬೋರ್‌ವೆಲ್ ಲಾರಿಯ ಹಿಂದೆ ಊರೂರು ಅಲೆಯುವವನು. ಮೂರು ತಿಂಗಳಿಗೊಮ್ಮೆ ಬಂದರೆ ದೊಡ್ಡದು. ಆರನೆಯ ತರಗತಿಯ ಮಗಳು ಯಶೋಧರಾ, ಎಪ್ಪತ್ತೆರಡರ ಮಾವ. ಮನೆ ಬಿಟ್ಟು ದೂರ ಹೋಗಿ ದುಡಿಯುವ ಹಾಗಿಲ್ಲ, ಊರಲ್ಲಿ ಕೆಲಸವಿಲ್ಲ. ಉಳಿದದ್ದು ಆ ಎರಡು ಕೋಣೆ.

“ಮೊದಲ ಮೂರು ಮಂದಿ ಏನು ಬರೀತಾರ ಅದರ ಮ್ಯಾಲೇ ಎಲ್ಲಾ ಅದ ವೈನಿ,” ಎಂದಿದ್ದ ಅರುಣಕುಮಾರ. “ಚೊಲೋ ಬರದ್ರ ಆ್ಯಪಿನಾಗ ನಿಮ್ಮ ಮನಿ ಮ್ಯಾಲೆ ಬರತದ. ಕೆಟ್ಟದ್ದು ಬರದ್ರ ಅಷ್ಟ, ಯಾರ ಕಣ್ಣಿಗೂ ಬೀಳಲ್ಲ. ಮುಂದ ನನ್ನ ಬೈಬ್ಯಾಡ್ರಿ.”

ಹದಿನೈದು ದಿನ ಪರಿಮಳಾ ನಿಂತ ಕಾಲಿನಲ್ಲೇ ದುಡಿದಳು. ಕೋಣೆಗಳಿಗೆ ಸುಣ್ಣದ ಬದಲು ಕೆನೆ ಬಣ್ಣ ಬಂತು. ಬಿಳಿ ಚಾದರ, ಬಿಳಿ ದಿಂಬು. ಹೂವಿನ ಚಾದರ ಹಾಸಿದರೆ ಬಂದವರು ಮೂಗು ಮುರಿಯುತ್ತಾರಂತೆ. ಟವೆಲ್ಲನ್ನು ಬಾತುಕೋಳಿಯ ಹಾಗೆ ಮಡಚುವುದನ್ನು ಫೋನಿನಲ್ಲಿ ನೋಡಿ ಕಲಿತಳು. ಅವಳ ಬಾತುಕೋಳಿಗೆ ಕುತ್ತಿಗೆ ನಿಲ್ಲುತ್ತಿರಲಿಲ್ಲ. “ಯವ್ವಾ, ಅದು ಗುಬ್ಬಿ ಆಗ್ಯಾದ ನೋಡು,” ಎಂದು ಯಶೋಧರಾ ಬಿದ್ದು ಬಿದ್ದು ನಕ್ಕಳು. ಬಿಸಿನೀರಿಗೆ ಗೀಝರ್ ಕೂತಿತು. ಮೆಟ್ಟಿಲ ಕೆಳಗೆ ಒಣಗಲು ಹಾಕುತ್ತಿದ್ದ ಬಟ್ಟೆಗಳು ಹಿತ್ತಲಿಗೆ ಹೋದವು.

ಕೊನೆಗೆ ಗೋಡೆಯ ಸರದಿ ಬಂತು. ಮೇಲಿನ ಪಡಸಾಲೆಯ ಗೋಡೆಗೆ ಎರಡು ಫೋಟೋ: ಒಂದು ಬುದ್ಧನದು, ಇನ್ನೊಂದು ಬಾಬಾಸಾಹೇಬರದು.

“ಬುದ್ಧ ನಡೀತಾನ,” ಎಂದ ಅರುಣಕುಮಾರ, ದನದ ಸಂತೆಯಲ್ಲಿ ಹಲ್ಲು ನೋಡಿದವರ ಹಾಗೆ. “ಬಾಬಾಸಾಹೇಬ್ರು ಬ್ಯಾಡ. ಮತ್ತ ಈ ಫೋಟೋದ ಬುದ್ಧನೂ ಬ್ಯಾಡ, ಇದು ನಮ್ಮ ಓಣಿ ಬುದ್ಧ. ನಾ ಬ್ಯಾರೇ ತಂದೀನಿ.”

ಡಬ್ಬಿಯಿಂದ ಅವನು ಕಂದು ಬಣ್ಣದ ಒಂದು ಬುದ್ಧನ ತಲೆ ತೆಗೆದ. ದೊಡ್ಡ ಹೋಟೆಲುಗಳ ಬಾಗಿಲಲ್ಲಿ ಇಡುವಂಥದ್ದು, ಕತ್ತಿನವರೆಗೆ ಅಷ್ಟೇ. ಕೆಳಗಿನಿಂದ ಮೆಟ್ಟಿಲು ಹತ್ತಿ ಬಂದ ತಿಮ್ಮಣ್ಣ ಅದನ್ನು ಎರಡೂ ಕೈಯಲ್ಲಿ ಹಿಡಿದು ತಿರುವಿ ನೋಡಿದ.

“ರುಂಡ ತಂದಿಯಲ್ಲೋ ತಮ್ಮಾ. ಮುಂಡ ಎಲ್ಲಿ ಕೆಡವಿ ಬಂದಿ?”

“ದೊಡ್ಡಪ್ಪ, ಈಗ ಇದೇ ಫ್ಯಾಷನ್.”

“ಹೌದಪ. ತಲಿ ಇರಬೇಕು, ಬಾಯಿ ಮುಚ್ಚಿರಬೇಕು.”

ಹಾಗೆಂದನೇ ಹೊರತು ಎದುರಾಡಲಿಲ್ಲ. ಸೊಸೆಯ ಮುಖ ನೋಡಿದ. ಹನ್ನೊಂದು ವರ್ಷ ಬೆಳಗಿನ ಆರಕ್ಕೆ ಬುತ್ತಿ ಕಟ್ಟಿಕೊಂಡು ಓಡಿದ ಮುಖ ಅದು. ತಾನೇ ಸ್ಟೂಲು ಹತ್ತಿ ಎರಡೂ ಫೋಟೋ ಇಳಿಸಿ, ಒಂದು ಹಳೆಯ ಧೋತರದಲ್ಲಿ ಸುತ್ತಿ, ಕೆಳಗೆ ತನ್ನ ಮಂಚದ ತಲೆದೆಸೆಗೆ ಇಟ್ಟುಕೊಂಡ. ಆಮೇಲೆ ಬ್ರಶ್ಶು, ನೀಲಿ ಡಬ್ಬಿ ಹುಡುಕಿ ತೆಗೆದು ಗೇಟಿಗೆ ಹೋದ. ಕಂಬದ ಮೇಲಿನ ಆ ಅಕ್ಷರ ಅವನೇ ಬರೆದದ್ದು. ಬೇರೆಯವರು ಕೈ ಹಚ್ಚುವುದು ಬೇಡವೆಂದ. ಭೀಮರಾಯನಗುಡಿಯ ಕ್ಯಾಂಪಿನಲ್ಲಿ ಮೂವತ್ತೆರಡು ವರ್ಷ ಕಾಲುವೆಯ ಗೇಟು ಎತ್ತಿ ಇಳಿಸಿದ ಕೈ. ದೀರ್ಘವನ್ನು ನಡುಗದೆ ಎಳೆಯಿತು.

“ಊರ ಹೊಲಕ್ಕೆಲ್ಲಾ ನೀರ ಬಿಟ್ಟಾಂವ ನಾ,” ಎಂದ ಬ್ರಶ್ಶು ಒರೆಸುತ್ತ. “ಇವತ್ತ ಬಾಬಾನ್ನೇ ಹೊಳೀಗಿ ಬಿಟ್ಟೆ.”

ಪರಿಮಳಾ ನಗಲು ಹೋದಳು, ನಗೆ ಬರಲಿಲ್ಲ. ಬೇರೆ ಮಾತು ತೆಗೆದಳು. “ಮಾವ, ಶನಿವಾರ ಬೆಂಗಳೂರು ಮಂದಿ ಬರಾಕತ್ತಾರ. ಅವರ ಮುಂದ ಹೆಚ್ಚಿಗಿ ಮಾತು ಬ್ಯಾಡ್ರಿ. ಕೇರಿ, ಚಳವಳಿ, ಅವೆಲ್ಲಾ ತಗೀಬ್ಯಾಡ್ರಿ. ಜರಾ ಮರ್ಯಾದಿ ಮಾಡ್ರಿ ಸಾಕು.”

ತಿಮ್ಮಣ್ಣ ನೀಲಿ ಡಬ್ಬಿಯ ಮುಚ್ಚಳ ಒತ್ತಿ ಮುಚ್ಚಿದ. “ಮಾಡ್ತೀನವಾ,” ಎಂದ.

ಶನಿವಾರ ಬಂದವರು ನಾಲ್ವರು: ಗಂಡ ಹೆಂಡತಿ, ಗಂಡನ ತಾಯಿ, ಕಾಲೇಜಿಗೆ ಹೋಗುವ ಮಗಳು. ಒಳ್ಳೆಯ ಜನ. ಮೆಟ್ಟಿಲು ಹತ್ತುತ್ತಲೇ ಗುಡ್ಡ ನೋಡಿ “ಅಬ್ಬಾ!” ಎಂದರು. ಬುದ್ಧನ ತಲೆಯ ಪಕ್ಕ ನಿಂತು ಮಗಳು ಫೋಟೋ ತೆಗೆಸಿಕೊಂಡಳು. ಕುತ್ತಿಗೆ ವಾಲಿದ ಬಾತುಕೋಳಿಗೂ ಹೊಗಳಿಕೆ ಸಿಕ್ಕಿತು. ರಾತ್ರಿಯ ಊಟಕ್ಕೆ ಪರಿಮಳಾ ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಮೇಲೆ ಕಳಿಸಿದಳು. ಬುಟ್ಟಿ ಖಾಲಿಯಾಗಿ ಕೆಳಗೆ ಬಂತು. ಇನ್ನೆರಡು ರೊಟ್ಟಿ ಇದ್ದರೆ ಕೊಡಿ ಎಂದು ಹೆಂಡತಿಯೇ ಇಳಿದು ಬಂದು ಒಲೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತಳು.

“ಎಷ್ಟು ಚೆನ್ನಾಗಿ ತಟ್ತೀರಪ್ಪ. ನಮ್ಮ ಕೈಲಿ ಹರಿದು ಹೋಗತ್ತೆ. ಅಂದ ಹಾಗೆ ನೀವು... ಏನು ಜನ?”

ಪರಿಮಳಾಳ ಕೈ ರೊಟ್ಟಿಯ ಮೇಲೆ ತಡೆಯಿತು. “ಇಲ್ಲೀ ಜನಾನೇ ರಿ,” ಎಂದಳು.

“ಅಯ್ಯೋ, ಸುಮ್ನೆ ಕೇಳಿದೆ. ಮನೆ ಚೊಕ್ಕಟ ನೋಡಿದ್ರೇ ಗೊತ್ತಾಗತ್ತೆ ಬಿಡಿ,” ಎಂದು ಆ ಹೆಂಗಸು ನಕ್ಕು ರೊಟ್ಟಿ ಎತ್ತಿಕೊಂಡು ಹೋದಳು.

ಅವಳಿಗೆ ಏನು ಗೊತ್ತಾಯಿತೋ ಪರಿಮಳಾ ಕೇಳಲಿಲ್ಲ. ಗೊತ್ತಾದದ್ದು ತಪ್ಪು ಎಂಬುದಷ್ಟು ತಿಳಿಯಿತು; ಆ ತಪ್ಪು ಅವರು ಹೊರಡುವ ಸೋಮವಾರದವರೆಗೆ ಹಾಗೇ ಇದ್ದರೆ ಸಾಕಿತ್ತು.

ಭಾನುವಾರ ಬೆಳಿಗ್ಗೆ ಅವರು ಅಬ್ಬೆತುಮಕೂರಿನ ಮಠಕ್ಕೆ ಹೋಗಿ ಮಧ್ಯಾಹ್ನ ಮರಳಿದರು. ತಿಮ್ಮಣ್ಣ ಗೇಟಿನ ಬಳಿ ತೊಗರಿ ಕಟ್ಟಿಗೆ ಒಟ್ಟುತ್ತಿದ್ದ. ಕಾರಿನಿಂದ ಇಳಿದ ಹೆಂಡತಿ ಪ್ರಸಾದದ ಪೊಟ್ಟಣ ಬಿಚ್ಚುತ್ತ ಮೊದಲು ಕಂಡವನ ಕಡೆಗೇ ಬಂದಳು. ಅದು ಅವಳ ಒಳ್ಳೆಯತನವೇ.

“ತಾತ, ತಗೊಳ್ಳಿ. ಪ್ರಸಾದ.”

ಪರಿಮಳಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಮಾವ ಕಟ್ಟಿಗೆ ಕೆಳಗೆ ಹಾಕಿದ. ಕಾಲಿನ ಚಪ್ಪಲಿ ಕಳಚಿ ಪಕ್ಕಕ್ಕೆ ಸರಿಸಿದ. ಹೆಗಲ ಮೇಲಿನ ಟವೆಲ್ಲು ತೆಗೆದು ಕಂಕುಳಲ್ಲಿ ಇಟ್ಟ. ಎರಡು ಹೆಜ್ಜೆ ಹಿಂದೆ ಹೋಗಿ, ನಡು ಬಗ್ಗಿಸಿ, ಎರಡೂ ಕೈ ಬೊಗಸೆಯಾಗಿ ಕೂಡಿಸಿ ಮೊಣಕಾಲಿನ ಮಟ್ಟಕ್ಕೆ ಒಡ್ಡಿದ.

“ಮ್ಯಾಲಿಂದ ಹಾಕ್ರಿ, ಅವ್ವಾರ.”

ಅಂಥ ಮಾವನನ್ನು ಪರಿಮಳಾ ಹದಿನಾಲ್ಕು ವರ್ಷದಲ್ಲಿ ಒಮ್ಮೆಯೂ ಕಂಡಿರಲಿಲ್ಲ. ಕಚೇರಿಯ ಸಾಹೇಬರ ಎದುರಿಗೆ ಕುರ್ಚಿ ಎಳೆದುಕೊಂಡು ಕೂರುತ್ತಿದ್ದವನು. ಅವಳ ಮದುವೆಯಲ್ಲಿ ಐನೋರಿಲ್ಲದೆ ತಾನೇ ಮೈಕು ಹಿಡಿದು ಪಂಚಶೀಲ ಹೇಳಿಸಿದವನು. ಆ ಬಾಗಿದ ಬೆನ್ನು ಯಾರದೋ ಅನ್ನಿಸಿತು.

ಹೆಂಗಸಿನ ಕೈ ಗಾಳಿಯಲ್ಲಿ ನಿಂತಿತು. ಅವಳು ಬೊಗಸೆ ನೋಡಿದಳು, ಕಳಚಿಟ್ಟ ಚಪ್ಪಲಿ ನೋಡಿದಳು, ಕಾರಿನ ಬಳಿ ನಿಂತ ಅತ್ತೆಯ ಮುಖ ನೋಡಿದಳು. ಬೆರಳ ತುದಿಯಿಂದ ಪ್ರಸಾದ ಮೇಲಿಂದಲೇ ಬಿತ್ತು. ನಾಲ್ವರೂ ಪರಿಮಳಾಳನ್ನು ದಾಟಿ ಮೇಲೆ ಹೋದರು.

ಮೇಲೆ ಬಚ್ಚಲಿನಲ್ಲಿ ನೀರು ಬೀಳುವ ಸದ್ದು ಶುರುವಾಯಿತು. ನಿಂತಿತು. ಮತ್ತೆ ಶುರುವಾಯಿತು. ಬೆಳಿಗ್ಗೆ ಮಿಂದು ಹೋದ ನಾಲ್ವರೂ ಒಬ್ಬರಾದ ಮೇಲೆ ಒಬ್ಬರು ಮೀಯುತ್ತಿದ್ದರು. ಪರಿಮಳಾ ಒಲೆಯ ಮುಂದೆ ಕೂತು ಎಣಿಸಿದಳು. ನಾಲ್ಕನೆಯವರದು ಮುಗಿಯುವ ಮೊದಲೇ ಟ್ಯಾಂಕು ಖಾಲಿಯಾಗಿ ಪೈಪು ಗೊರಗುಟ್ಟಿತು. ಅವಳು ಎದ್ದು ಮೋಟಾರು ಹಾಕಿದಳು. ಅತಿಥಿಗಳಿಗೆ ನೀರಿಲ್ಲ ಅನ್ನಿಸಬಾರದು.

“ಅರ್ಜೆಂಟ್ ಫೋನ್ ಬಂತು. ಇವತ್ತೇ ಹೊರಡ್ತೀವಿ,” ಎಂದ ಗಂಡ, ಅವಳ ಮುಖ ನೋಡದೆ.

“ಅಡಿಗಿ ಆಗ್ಯಾದ್ರಿ. ಊಟ ಮಾಡಿ ಹೋಗ್ರಿ.”

“ಇಲ್ಲಮ್ಮ, ಹೊಟ್ಟೆ ತುಂಬಿದೆ.”

ಕಾರು ಹೋಯಿತು. ಇಪ್ಪತ್ತು ರೊಟ್ಟಿ ಬುಟ್ಟಿಯಲ್ಲಿ ಹಾಗೇ ಇದ್ದವು.

ಮರುದಿನ ಅರುಣಕುಮಾರ ಫೋನಿನಲ್ಲೇ ಓದಿ ಹೇಳಿದ. ಐದರಲ್ಲಿ ಎರಡೇ ನಕ್ಷತ್ರ. “ಮನೆ ಚೊಕ್ಕಟವಾಗಿದೆ. ಗುಡ್ಡದ ನೋಟ ಸುಂದರ. ಆದರೆ ಮನೆಯವರು ತಮ್ಮ ಬಗ್ಗೆ ಮೊದಲೇ ತಿಳಿಸಿದ್ದರೆ ಚೆನ್ನಾಗಿತ್ತು.”

“ಏನು ತಿಳಸಬೇಕಿತ್ತಂತ?” ಪರಿಮಳಾ ಕೇಳಿದಳು.

“ನಂಗ ಕೇಳತೀರಲ್ಲ ವೈನಿ. ಇರ್ಲಿ. ಇನ್ನೂ ಎರಡು ಅವ. ಗುರುವಾರ ಒಂದು ಜೋಡಿ ಬರತದ. ಅವರು ಐದು ಕೊಟ್ಟರ ಇದು ಮುಚ್ಚಿ ಹೋಗತದ. ಆದ್ರ ದೊಡ್ಡಪ್ಪ ಕಾಣಬಾರದು ನೋಡ್ರಿ. ಗೋಡಿ ಬದಲ ಮಾಡಬಹುದು, ಹೆಸರು ಬದಲ ಮಾಡಬಹುದು, ಮುದುಕರಿಗೇನು ಮಾಡಬೇಕು?”

ಅವಳು ಫೋನಿಟ್ಟು ಹಿತ್ತಲಿಗೆ ಹೋದಳು. ತಿಮ್ಮಣ್ಣ ಕಲ್ಲಿನ ಮೇಲೆ ಕೂತು ಬೀಡಿ ಹಚ್ಚದೆ ಹಾಗೇ ಬೆರಳಲ್ಲಿ ಹಿಡಿದಿದ್ದ. ಅವಳಿಗೆ ಸಿಟ್ಟು ತಡೆಯಲಾಗಲಿಲ್ಲ.

“ಯಾಕ ಮಾವ ಹಂಗ ಮಾಡಿದ್ರಿ? ಯಾರು ಹೇಳಿದ್ರು ಹಂಗ ಬಗ್ಗರಿ ಅಂತ?”

“ನೀನೇ ಅಂದ್ಯಲ್ಲವಾ, ಮರ್ಯಾದಿ ಮಾಡ್ರಿ ಅಂತ.” ದನಿಯಲ್ಲಿ ಕೊಂಕಿರಲಿಲ್ಲ. “ಅಂಥೋರಿಗಿ ಮಾಡೋ ಮರ್ಯಾದಿ ನಂಗ ಅದೊಂದೇ ಕಲಿಸ್ಯಾರ. ಸುರಪುರದ ಬಾಜೂಕ, ನಮ್ಮ ಹಳ್ಳಿ ಗೌಡರ ಅಂಗಳದಾಗ. ಅಪ್ಪ ನನ್ನ ಕೈ ಹಿಡದು ತೋರಿಸಿದ್ದ, ಇಷ್ಟು ಕೆಳಗ ಒಡ್ಡಬೇಕು, ಇಷ್ಟು ದೂರ ನಿಲ್ಲಬೇಕು ಅಂತ.” ಬೊಗಸೆ ಕೂಡಿಸಿ ನೋಡಿಕೊಂಡ. “ಐವತ್ತೈದು ವರ್ಷ ಆಗಿತ್ತು. ನಾ ಮರತಿದ್ದೆ. ಕೈ ಮರತಿದ್ದಿಲ್ಲ.”

ಪರಿಮಳಾ ಅವನ ಎದುರು ನೆಲದ ಮೇಲೆಯೇ ಕೂತಳು. ನಾನು ಕೇಳಿದ ಮರ್ಯಾದೆ ಅದಲ್ಲ ಎನ್ನಬೇಕೆಂದುಕೊಂಡಳು. ಹಾಗಾದರೆ ಕೇಳಿದ್ದು ಯಾವುದು ಎಂದು ಅವನು ತಿರುಗಿ ಕೇಳಿದರೆ?

“ಗುರುವಾರ ಮತ್ತ ಮಂದಿ ಬರ್ತಾರಂತಲ್ಲ,” ಎಂದ ಅವನೇ. ಕಿವಿ ಇನ್ನೂ ಚುರುಕಾಗಿತ್ತು. “ನಾ ಕೋಣ್ಯಾಗ ಇರ್ತೀನಿ ಬಿಡು. ಎರಡು ದಿನದ ಮಾತು. ಮುದುಕರು ಮಲಗೇ ಇರೋರು.”

ಬೇಡ ಮಾವ ಎಂಬ ಮಾತು ಅವಳ ಬಾಯಿಯವರೆಗೆ ಬಂದಿತ್ತು. “ಹಿತ್ತಲ ಬಾಗಿಲಾಗ ನೀರು, ಬುಟ್ಟಿ ಇಟ್ಟಿರತೀನಿ,” ಎಂದಳು.

ಗುರುವಾರ ಬಂದವರು ಹುಬ್ಬಳ್ಳಿ ಕಡೆಯ ನಿವೃತ್ತ ದಂಪತಿ. ಹೆಂಗಸಿಗೆ ಮೊಣಕಾಲು ನೋವು; ಮೆಟ್ಟಿಲು ಹತ್ತುವ ಮೊದಲು ಕೆಳಗಿನ ಪಡಸಾಲೆಯ ಕುರ್ಚಿಯಲ್ಲಿ ದಣಿವಾರಿಸಿಕೊಂಡು, ಪರಿಮಳಾ ಕೊಟ್ಟ ಚಹಾ ಎರಡು ಬಾರಿ ಹೊಗಳಿದಳು. ಯಶೋಧರಾಳನ್ನು ಹತ್ತಿರ ಕರೆದು ಯಾವ ಕ್ಲಾಸು, ಏನು ಓದುತ್ತೀ ಎಂದು ವಿಚಾರಿಸಿದಳು. ಜಾತಿ ಕೇಳಲಿಲ್ಲ. ಕೇಳುವವಳ ಹಾಗೂ ಕಾಣಲಿಲ್ಲ. ಇವರ ಎದುರು ಮಾವ ಬಂದು ಕುರ್ಚಿ ಎಳೆದುಕೊಂಡು ಕೂತಿದ್ದರೂ ನಡೆಯುತ್ತಿತ್ತೇನೋ. ಆದರೆ ಅದನ್ನು ತಿಳಿಯಲು ಎರಡು ನಕ್ಷತ್ರದ ಮನೆಗೆ ಧೈರ್ಯವಿರಲಿಲ್ಲ.

“ಮತ್ತ ಮನ್ಯಾಗ ಯಾರ್ಯಾರು ಇರ್ತೀರಿ ತಂಗಿ?”

ಮಾವನಿದ್ದ ಕೋಣೆಯ ಮುಚ್ಚಿದ ಬಾಗಿಲು ಆ ಕುರ್ಚಿಯಿಂದ ನಾಲ್ಕು ಮೊಳ ದೂರವಿತ್ತು. ಯಶೋಧರಾ ತಾಯಿಯ ಮುಖ ನೋಡಿದಳು.

“ನಾನು, ಮಗಳು. ಮನಿಯವರು ಕೆಲಸಕ್ಕ ಹೋಗ್ಯಾರ. ನಾವಿಬ್ಬರೇ ರಿ.”

ಒಳಗೆ ಕೆಮ್ಮು ಶುರುವಾಗಿ ಅರ್ಧಕ್ಕೇ ನಿಂತಿತು, ಬಾಯಿಗೆ ಯಾರೋ ಬಟ್ಟೆ ಒತ್ತಿದ ಹಾಗೆ.

“ಯಾರೋ ಕೆಮ್ಮಿದಂಗಾತಲ್ಲ?”

“ಬಾಜೂ ಮನಿಯವರು ರಿ,” ಎಂದಳು ಪರಿಮಳಾ. ಅವರ ಚೀಲ ಎತ್ತಿಕೊಂಡು ಮೆಟ್ಟಿಲ ಕಡೆ ನಡೆದಳು. ಉಳಿದರ್ಧ ಕೆಮ್ಮು ಈಗ ಬರುತ್ತದೆ, ಇನ್ನೊಂದು ಮೆಟ್ಟಿಲಿಗೆ ಬರುತ್ತದೆ ಎಂದು ಕಿವಿ ಹಿಂದಕ್ಕೇ ಇತ್ತು. ಮೇಲೆ ಹೋಗಿ ಕೋಣೆ ತೆರೆದು ಫ್ಯಾನು ಹಾಕುವವರೆಗೂ ಅದು ಬರಲಿಲ್ಲ.