ಹಾಯಿಹಡಗುಗಳ ದಿನ ತೆಗೆದ ಕೈಗಳು

ಹಾಯಿಯೊಂದು ಗಾಳಿಗೆ ಪಟ್ಟನೆ ಬಡಿದುಕೊಂಡಿತು, ಪರದೆ ಎಳೆದ ಸದ್ದು, ಅದೇ ಸದ್ದು — ಆಸ್ಪತ್ರೆಯಲ್ಲಿ ಆ ಎಳೆಯ ಡಾಕ್ಟರಮ್ಮ ಹಾಸಿಗೆಯ ಸುತ್ತ ಪರದೆ ಎಳೆದು ಹೊರಗೆ ಬಂದು, ನನ್ನ ಮುಖ ನೋಡದೆ, ಅಂಕಲ್, ಯು ಸಿಟ್ ಡೌನ್ ಫಸ್ಟ್, ಎಂದಳು, ಕೂಡುವ ಮೊದಲೇ ತಿಳಿದುಹೋಯಿತು, ಗೌರವ್ವ ಇಲ್ಲ, ಬೆಳಿಗ್ಗೆ ಬೆಡೋಕಿನ ಮನೆಯಲ್ಲಿ ರೊಟ್ಟಿ ಬಡಿಯುತ್ತ ಕುಸಿದವಳು ಮಧ್ಯಾಹ್ನ ಇಲ್ಲ, ಹಂಚಿನ ಮೇಲೆ ಅರ್ಧ ಬೆಂದ ರೊಟ್ಟಿ ಇನ್ನೂ ಇತ್ತು, ಅವಳು ಇಲ್ಲ, ಮತ್ತು ನಾನು ಹೇಳಿದಂತೆ ಕೂತೆ, ಹೆಂಡತಿಯ ಮಾತು ಎಂದೂ ಕೇಳದವನು ಯಾರೋ ಹುಡುಗಿಯ ಮಾತು ಕೇಳಿ ಕೂತೆ, ನರ್ಸ್ ಒಬ್ಬಳು ನನ್ನ ತೊಡೆಯ ಮೇಲೆ ಪ್ಲಾಸ್ಟಿಕ್ ಚೀಲ ಇಟ್ಟಳು, ಅದರಲ್ಲಿ ಬಳೆ, ತಾಳಿ, ಕಾಲುಂಗುರ, ಇಷ್ಟಲಿಂಗ ಇಟ್ಟು ಕೊರಳಿಗೆ ಕಟ್ಟಿಕೊಳ್ಳುವ ಬೆಳ್ಳಿಯ ಕರಡಿಗೆ — ಬೇಡ, ಈಗ ಅದು ಬೇಡ, ಈಗ ಹಡಗು ನೋಡಬೇಕು, ಅದಕ್ಕೇ ಬಂದದ್ದು, ಅಕ್ಷತಾ ಕಳಿಸಿದಳು, ಅಜ್ಜ, ಹೋಗು ಲಾ, ಮನೇಲೇ ಕೂತ್ರೆ ಅಜ್ಜಿ ಸ್ಕೋಲ್ಡ್ ಮಾಡ್ತಾಳೆ, ಎಂದು ಮೊಮ್ಮಗಳೇ ಕ್ಯಾಮೆರಾದ ಪಟ್ಟಿ ನನ್ನ ಕೊರಳಿಗೆ ಹಾಕಿದಳು, ಹತ್ತು ವರ್ಷದ ಹುಡುಗಿ, ಅಜ್ಜಿ ಇನ್ನೂ ಬೈಯುತ್ತಾಳೆಂದು ನಂಬಿದ್ದಾಳೆ, ನಂಬಲಿ. ಬೆಳಕು ಒಳ್ಳೆಯದಿದೆ, ಮಳೆ ತೊಳೆದ ಬೆಳಕು, ಧಕ್ಕೆಯ ಉದ್ದಕ್ಕೂ ಹಾಯಿಹಡಗುಗಳು ನಿಂತಿವೆ, ಎತ್ತರದ ಕಂಬಗಳು, ಜೇಡರಬಲೆಯಂತೆ ಹಗ್ಗಗಳು, ಅವುಗಳ ಹಿಂದೆ ಸೆಂಟೋಸಾ ದ್ವೀಪದಲ್ಲಿ ಹೊಸ ಕ್ಯಾಸಿನೊ ಕಟ್ಟುವ ಕ್ರೇನುಗಳು, ಯಾವುದು ಹಾಯಿಕಂಬ ಯಾವುದು ಕ್ರೇನು ಎಂದು ಒಂದು ಕ್ಷಣ ತಿಳಿಯುವುದಿಲ್ಲ, ಈ ಊರು ನನ್ನದೇ, ಇಲ್ಲಿಯ ಶಿಪ್‌ಯಾರ್ಡಿನಲ್ಲಿ ತಲೆ ಬೆಳ್ಳಗೆ ಮಾಡಿಕೊಂಡವನು ನಾನು, ಆದರೂ ಪ್ರತಿ ಸಲ ಬಂದಾಗ ಏನೋ ಒಂದು ಕಾಣೆಯಾಗಿರುತ್ತದೆ. ಪಕ್ಕದಲ್ಲಿ ದ್ವಾರಕನಾಥರು, ಮೈಸೂರಿನವರು, ಬ್ಯಾಂಕಿನಿಂದ ನಿವೃತ್ತರು, ನಮ್ಮ ಫೋಟೊ ಕ್ಲಬ್ಬಿನ ಹಳೆಯ ಗೆಳೆಯ, ಬಂದಾಗಿನಿಂದ ಬಾಯಿ ಮುಚ್ಚಿಲ್ಲ, ನಮ್ಮ ಕಾಂಡೊ ಎನ್‌ಬ್ಲಾಕ್ ಆಯ್ತು ರೀ, ಇಡೀ ಬಿಲ್ಡಿಂಗೇ ಮಾರ್ಬಿಟ್ವಿ, ಕೆಡವಿ ಇನ್ನೂ ಎತ್ತರಕ್ಕೆ ಕಟ್ತಾರಂತೆ, ಎನ್ನುತ್ತಾರೆ, ಹೂಂ ಎನ್ನುತ್ತೇನೆ, ಕಣ್ಣು ಕ್ಯಾಮೆರಾದಲ್ಲಿ, ಗುಂಡಿ ಒತ್ತುತ್ತೇನೆ, ಅವರು ಬಗ್ಗಿ ನನ್ನ ಕ್ಯಾಮೆರಾದ ತೆರೆ ನೋಡುತ್ತಾರೆ, ಏನ್ರೀ ಗುರುಶಾಂತಪ್ಪನವರೇ, ಅಷ್ಟು ದೊಡ್ಡ ಹಡಗು ಬಿಟ್ಟು ಹಗ್ಗ ಹಿಡ್ಕೊಂಡಿರೋನ ಕೈ ತೆಗೀತಿದ್ದೀರಲ್ಲ, ಇದು ಕೈ, ಹಿಂದಿನದೂ ಕೈ, ಅದರ ಹಿಂದಿನದೂ ಕೈ, ಏನು, ಹಸ್ತರೇಖೆ ನೋಡಿ ಭವಿಷ್ಯ ಹೇಳ್ತೀರಾ? ನಗುತ್ತೇನೆ, ಅವರು ಹೇಳಿದ ಮೇಲೆಯೇ ನನಗೆ ಗೊತ್ತಾದದ್ದು, ಕೈ, ಬರೀ ಕೈ, ಹಗ್ಗ ಎಳೆಯುವ ಕೈ, ಗಂಟು ಹಾಕುವ ಕೈ, ಮುಷ್ಟಿ ಕಟ್ಟಿದ ಎಡಗೈ.

ಎಡಗೈ, ಪ್ರತಿ ಬೆಳಿಗ್ಗೆ ಅವಳ ಎಡ ಅಂಗೈ ಎದೆಯ ಮಟ್ಟಕ್ಕೆ ಏರುತ್ತಿತ್ತು, ಅದರ ಮೇಲೆ ಕಪ್ಪು ಲಿಂಗ, ಅದರ ಮೇಲೆ ಅವಳ ಕಣ್ಣು, ಕೆಳಗಡೆ ಶಾಲೆಯ ಮಕ್ಕಳ ಬಸ್ಸು ಹಾರ್ನ್ ಹೊಡೆದರೂ ರೆಪ್ಪೆ ಅಲುಗುತ್ತಿರಲಿಲ್ಲ, ಬೆರಳಿಗೆ ಸಂಧಿವಾತ ಬಂದ ಮೇಲೆ ಅಂಗೈ ಪೂರ್ತಿ ಬಿಡಿಸಲೂ ಬಾರದು, ಪೂರ್ತಿ ಮಡಿಸಲೂ ಬಾರದು, ಆದರೂ ಲಿಂಗ ಒಂದು ದಿನ ಜಾರಿದ್ದಿಲ್ಲ, ನಾನು ಆಗ ಬಾಲ್ಕನಿಯಲ್ಲಿ ಮೋಡದ ಫೋಟೊ ತೆಗೆಯುತ್ತಿದ್ದೆ, ನಿಮಗ ಬೆಳಕ ಕಾಣತದ, ಮನಶಾರು ಕಾಣೂದಿಲ್ಲ, ಎನ್ನುತ್ತಿದ್ದಳು, ಸಿಟ್ಟಿನಿಂದಲ್ಲ, ಉಪ್ಪು ಕಡಿಮೆಯಾಗಿದೆ ಎನ್ನುವ ಹಾಗೆ. ಯಾರದೋ ಸಾವಿಗೆ ಹೋಗಿ ಮಂಡಾಯಿ ಸ್ಮಶಾನದಿಂದ ಬಂದ ದಿನ ಸ್ನಾನ ಮಾಡಿ ತಲೆ ಒರೆಸಿಕೊಳ್ಳುತ್ತ ಅಂದಳು, ನನ್ನ ಇಲ್ಲೇ ಸುಟ್ರೂ ಸುಡ್ರಿ, ಮಣ್ಣ ಸಿಗದಿದ್ರ ಬಿಡ್ರಿ, ಆದರ ಬರಿಗೈಲೆ ಕಳಸಬ್ಯಾಡ್ರಿ, ನನ್ನ ಲಿಂಗ ನನ್ನ ಕೈಯಾಗಿರ್ಲಿ, ಇಷ್ಟ ಮಾಡ್ರಿ. ಬರಿಗೈಲೆ ಕಳಸಬ್ಯಾಡ್ರಿ. ಅಷ್ಟೇ ಕೇಳಿದ್ದು, ಬಂಗಾರ ಕೇಳಲಿಲ್ಲ, ಊರು ಕೇಳಲಿಲ್ಲ. ನಮ್ಮವರನ್ನು ಕೂಡಿಸಿ ಮಣ್ಣು ಮಾಡುವುದು ಪದ್ಧತಿ, ಇಲ್ಲಿ ಮಣ್ಣು ಕೊಟ್ಟರೂ ಹದಿನೈದು ವರ್ಷಕ್ಕೆ ಅಗೆದು ತೆಗೀತಾರಪ್ಪ, ಆಮೇಲೆ ಹೆಂಗೂ ಸುಡೂದ, ಎಂದ ಮಗ ಚೇತನಕುಮಾರ, ಮಂಡಾಯಿ ಬುಕ್ ಮಾಡಿದೀನಿ, ಎಂದು ಗಡಿಯಾರ ನೋಡಿಕೊಂಡ, ಯಾವಾಗಲೂ ಆ ಗಡಿಯಾರ, ಮೊದಲ ಕೆಲಸ ಸಿಕ್ಕಾಗ ಅವ್ವ ಕೊಡಿಸಿದ ಸ್ಟೀಲು ಗಡಿಯಾರ, ಪಟ್ಟಿ ಸಡಿಲವಾಗಿ ಮುಂಗೈ ಮೇಲೆ ಜಾರುತ್ತಿರುತ್ತದೆ, ಪಾಸಿರ್ ಪಂಜಾಂಗಿನ ಕಂಟೇನರ್ ಬಂದರಿನಲ್ಲಿ ಶಿಫ್ಟು ನಡೆಸುವವನು, ಅವನಿಗೆ ಎಲ್ಲವೂ ಹೊತ್ತಿನ ಲೆಕ್ಕ, ಅವ್ವನ ಸಾವೂ. ಆದರೆ ಕೂಡಿಸಲೇಬೇಕು ಎಂದವನು ಅವನೇ, ಸ್ವಲ್ಪ ಹೊತ್ತಾದರೂ, ನಮ್ಮ ಬ್ಲಾಕಿನ ವಾಯ್ಡ್ ಡೆಕ್ಕಿನಲ್ಲಿ, ಕಟ್ಟಡದ ಕೆಳಗೆ ಮಕ್ಕಳು ಸೈಕಲ್ ಹೊಡೆಯುವ ಆ ಗೋಡೆಯಿಲ್ಲದ ನೆಲದಲ್ಲಿ ಬಿಳಿ ಬಟ್ಟೆ ಕಟ್ಟಿ ಕುರ್ಚಿ ಇಟ್ಟರು, ಶವಪೆಟ್ಟಿಗೆ ತಂದ ಚೀನೀ ಮನುಷ್ಯ ತಲೆ ಕೆರೆದುಕೊಂಡ, ಸಿಟ್ಟಿಂಗ್ ಆಹ್? ನೆವರ್ ಡು ಬಿಫೋರ್, ಎಂದು ಅವಳನ್ನು ನೋಡಿ, ನನ್ನನ್ನು ನೋಡಿ, ಬಟ್ ಕ್ಯಾನ್, ಅಂಕಲ್, ಕ್ಯಾನ್, ಎಂದ, ದೇವರು ಅವನನ್ನು ಚೆನ್ನಾಗಿಡಲಿ. ಇಲ್ಲಿ ಜಂಗಮರಿಲ್ಲ, ಗದಗಿನ ಅಯ್ಯನವರು ಫೋನಿನಲ್ಲಿ ಇದ್ದರು, ಸ್ಪೀಕರ್ ಹಾಕಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಇಟ್ಟಿದ್ದರು, ತಲಿ ಮ್ಯಾಲ ಪಾದ ಇಡಾಕ ನಾ ಅಲ್ಲಿಲ್ಲ, ಕಿವ್ಯಾಗ ಮಂತ್ರ ಹೇಳ್ರಿ, ಶಿವಾ ತಿಳಕೋತಾನ, ಲಿಂಗ ಕೈಯಾಗ ಅದ ಹೌದಿಲ್ಲೋ ತಮ್ಮಾ? ಅದರೀ ಅಜ್ಜಾರ, ಎಂದ ಚೇತನ, ತಡವಿಲ್ಲದೆ, ಬಂದರಿನ ಫೋನಿಗೆ ಉತ್ತರ ಕೊಡುವ ಹಾಗೆ. ಊರಿಗೆ ಕಳಿಸಾಕ ಒಂದು ಫೋಟೊ ತೆಗೀರಿ, ಎಂದರು ಅಯ್ಯನವರು, ಅವಳ ತಮ್ಮ ನೋಡಬೇಕಲ್ಲ, ಕ್ಯಾಮೆರಾ ಯಾರ ಕೈಗೆ, ನನ್ನ ಕೈಗೆ, ಮತ್ಯಾರ ಕೈಗೆ, ಮನೆಯ ಎಲ್ಲ ಫೋಟೊ ನನ್ನದೇ ಅಲ್ಲವೇ, ಕಣ್ಣಿಗೆ ಕ್ಯಾಮೆರಾ ಹಿಡಿದೊಡನೆ ನನ್ನ ಅಳು ನಿಂತಿತು, ನಾಚಿಕೆಗೇಡು, ನಿಂತೇಬಿಟ್ಟಿತು, ಬಿಳಿ ಬಟ್ಟೆ ಹಿಂದೆ ಬೆಳಕು ಜಾಸ್ತಿ, ಮುಖ ಕಪ್ಪಾಗುತ್ತದೆ, ಫ್ಲ್ಯಾಶ್ ಹಾಕಬೇಕು, ಹಾರ ಸ್ವಲ್ಪ ಸರಿಸಿ, ಇಲ್ಲ ಹಾಗೇ ಇರಲಿ, ಎಂದು ಮದುವೆಮನೆಯ ಫೋಟೊದವನ ಹಾಗೆ ಎಲ್ಲರನ್ನೂ ಕಾಯಿಸಿದೆ, ಸೊಸೆ ಸುಮಂಗಲಾ ಬಲಕ್ಕೆ, ಅಕ್ಷತಾ ಎಡಕ್ಕೆ, ಚೇತನ ಎಲ್ಲಿ, ಚೇತನ ಇಲ್ಲ, ಈಗ ಇಲ್ಲೇ ಇದ್ದನಲ್ಲ, ಚೇತನ ಎಲ್ಲಿ ಎಂದು ಕೂಗಿದೆ, ಬರ್ತಾರ್ರಿ ಮಾವ, ನೀವು ತೆಗೀರಿ, ಎಂದಳು ಸುಮಂಗಲಾ, ಯಾಕೋ ನೆಲ ನೋಡುತ್ತ, ಬರಲಿಲ್ಲ, ಆಫೀಸಿನ ಫೋನು ಬಂದಿರಬೇಕು, ಬಂದರು ನಿಲ್ಲಬಾರದಲ್ಲ, ತೆಗೆದೆ, ಮಗನಿಲ್ಲದ ಫೋಟೊ, ಕ್ಯಾಮೆರಾ ಮುಚ್ಚಿದೆ, ಆಮೇಲೆ ಅದನ್ನು ತೆರೆದು ನೋಡಲೂ ಇಲ್ಲ, ಊರಿಗೆ ಕಳಿಸಲೂ ಇಲ್ಲ. ಮಂಡಾಯಿಗೆ ಹೊರಟಾಗ ಅವನ ಪ್ಯಾಂಟಿನ ಮೊಣಕಾಲಿಗೆಲ್ಲ ಧೂಳು, ತಾಯಿ ಹೋಗೂ ದಿನ ಹಿಂಗ ಬರೂದೇನೋ, ಎಂದೆ ಎಲ್ಲರೆದುರು, ಅವನು ಬಗ್ಗಿ ಕೊಡವಿಕೊಂಡ, ಗಡಿಯಾರ ನೋಡಿಕೊಂಡ. ಬೆಂಕಿ ಬಾಗಿಲು ಮುಚ್ಚಿತು. ಮೂರನೆಯ ದಿನ ದೇವರ ಗೂಡಿನಲ್ಲಿ ಕರಡಿಗೆ ಕಂಡಿತು, ಮುಚ್ಚಳ ತೆಗೆದೆ, ಖಾಲಿ. ಹಾರದಡಿಯ ಅವಳ ಕೈಯನ್ನು ನಾನು ನೋಡಿಯೇ ಇರಲಿಲ್ಲ, ಖಾಲಿ ಎಂದರೆ ಲಿಂಗ ಅವಳ ಕೈಯಲ್ಲಿತ್ತು, ಅಥವಾ ಖಾಲಿ ಎಂದರೆ ಆಂಬುಲೆನ್ಸಿನಲ್ಲಿ ಉರುಳಿಹೋಯಿತು, ಆಸ್ಪತ್ರೆಯ ಹಾಸಿಗೆಯ ಬಟ್ಟೆಯಲ್ಲಿ ಸುತ್ತಿ ಒಗೆಯಲು ಹೋಯಿತು, ಅದರೀ ಅಜ್ಜಾರ ಎಂದದ್ದು ಸುಳ್ಳು, ಮುದುಕರಿಬ್ಬರ ಸಮಾಧಾನಕ್ಕೆ, ಹೊತ್ತಾಗುತ್ತದೆ ಎಂದು. ಕೇಳಬಹುದು, ಒಂದೇ ಮಾತು, ಒಂದೇ ಮನೆಯಲ್ಲಿದ್ದೇವೆ, ಆದರೆ ಇಲ್ಲ ಎಂದುಬಿಟ್ಟರೆ ಬೂದಿಯನ್ನು ಸಮುದ್ರಕ್ಕೆ ಬಿಟ್ಟಾಗಿದೆ, ಯಾರ ಕೈಗೆ ಏನು ಕೊಡಲಿ, ಹೌದು ಎಂದರೆ ನಂಬಲಿ ಹೇಗೆ, ಅದೇ ದನಿಯಲ್ಲಿ ಅಲ್ಲವೇ ಎಲ್ಲಕ್ಕೂ ಹೌದು ಎನ್ನುವುದು, ಆದ್ದರಿಂದ ಊಟಕ್ಕೆ ಕೂತಾಗ ಅವನ ಕಡೆ ನೋಡುವುದನ್ನೇ ಬಿಟ್ಟೆ, ಅವನೂ ತಟ್ಟೆ ನೋಡಿಕೊಂಡು ಉಣ್ಣುತ್ತಾನೆ, ಪೂಜೆಗೆ ಕೂತರೆ ನನ್ನ ಅಂಗೈಯ ಲಿಂಗ ಕಾಣುವುದಿಲ್ಲ, ಅವಳ ಬರಿಗೈ ಕಾಣುತ್ತದೆ, ಎಲ್ಲೋ ಒಂದು ಬಾಗಿಲ ಮುಂದೆ ನಿಂತು ಚಾಚಿದ ಬರಿಗೈ.

ಅರೇ, ಹತ್ತುತ್ತಾ ಇದ್ದಾರೆ ನೋಡ್ರೀ, ಹತ್ತುತ್ತಾ ಇದ್ದಾರೆ, ದ್ವಾರಕನಾಥರು ನನ್ನ ತೋಳು ಹಿಡಿದು ಅಲುಗಿಸುತ್ತಾರೆ, ನಾವಿಕರು ಹಗ್ಗದ ಏಣಿಯ ಮೇಲೆ ಇರುವೆಗಳಂತೆ, ಬಿಳಿ ಅಂಗಿಯ ಹುಡುಗರು ಹುಡುಗಿಯರು, ಮೇಲಿನ ಅಡ್ಡಮರದ ಉದ್ದಕ್ಕೂ ಸಾಲಾಗಿ ನಿಲ್ಲುತ್ತಾರೆ, ಹೊರಡುವ ಹಡಗಿನ ನಮಸ್ಕಾರವಂತೆ ಅದು, ದಂಡೆಯ ತುಂಬ ಜನ, ಎತ್ತಿದ ಕೈಗಳಲ್ಲಿ ಫೋನು, ಕ್ಯಾಮೆರಾ, ಹೆಗಲ ಮೇಲೆ ಮಕ್ಕಳು, ಬ್ಯಾಂಡಿನ ಸದ್ದು, ಕೆಂಡದ ಮೇಲೆ ಸುಡುವ ಸಾಟೆ ಮಾಂಸದ ಹೊಗೆ, ಎಳೆಯುತ್ತಾರೆ, ಒಂದೊಂದೇ ಹಾಯಿ ಬೀಳುತ್ತದೆ, ಉಬ್ಬುತ್ತದೆ, ಇದಕ್ಕಾಗಿಯೇ ಕಾದದ್ದು, ಗುಂಡಿ ಒತ್ತಿದೆ, ಚಿತ್ರ ಬರಲಿಲ್ಲ, ಮತ್ತೆ ಒತ್ತಿದೆ — ಕಾರ್ಡ್ ಫುಲ್, ಎನ್ನುತ್ತದೆ ತೆರೆ. ತುಂಬಿದೆ, ಯಾತರಿಂದ ತುಂಬಿದೆ, ಕೈಗಳಿಂದ. ಹಳೇದು ಡಿಲೀಟ್ ಮಾಡ್ರೀ, ಬೇಗ, ಇನ್ನೊಂದು ನಿಮಿಷಕ್ಕೆ ತಿರುಗ್ಬಿಡತ್ತೆ, ಫಿಲ್ಮ್ ಕಾಲ ಮುಗೀತು ಸ್ವಾಮಿ, ಬೇಡದ್ದು ಅಳಿಸಿ ಮುಂದಕ್ಕೆ ಹೋಗ್ತಿರಬೇಕು, ಎಂದು ಅವರು ತಮ್ಮ ಕ್ಯಾಮೆರಾಕ್ಕೆ ಕಣ್ಣು ಹಚ್ಚುತ್ತಾರೆ, ಹಿಂದಕ್ಕೆ ಹೋಗಬೇಕು, ಒಂದೆರಡು ಕೈ ಅಳಿಸಿದರೆ ಸಾಕು, ಹೆಬ್ಬೆರಳು ತಪ್ಪು ಕಡೆ ಒತ್ತಿತು, ಕೊನೆಯದರಿಂದ ಮುಂದಕ್ಕೆ ಒತ್ತಿದರೆ ಕ್ಯಾಮೆರಾ ಸುತ್ತಿ ಮೊದಲನೆಯದಕ್ಕೆ ಹೋಗುತ್ತದೆ, ಮರೆತಿದ್ದೆ, ಮೊದಲನೆಯದು ಯಾವುದೆಂದು ಮರೆತಿದ್ದೆ, ಮರೆತಿರಲಿಲ್ಲ. ಗೌರವ್ವ ಕೂತಿದ್ದಾಳೆ. ಹಣೆಯ ತುಂಬ ವಿಭೂತಿ, ಕೊರಳ ತುಂಬ ಸೇವಂತಿಗೆ, ಸುಮಂಗಲಾ ಬಲಕ್ಕೆ, ಅಕ್ಷತಾ ಎಡಕ್ಕೆ, ಮುಖಕ್ಕೆ ಬೆಳಕು ಚೆನ್ನಾಗಿ ಬಿದ್ದಿದೆ, ಹೌದು, ಬೆಳಕು ಮಾತ್ರ ಚೆನ್ನಾಗಿ ನೋಡಿದ್ದೆ. ಸುತ್ತ ಚಪ್ಪಾಳೆ, ಸಿಳ್ಳೆ, ಬೆರಳು ಡಿಲೀಟಿನ ಗುಂಡಿಗೆ ತಾಗಿತು, ಅಳಿಸಲೇ ಎಂದು ಕೇಳುತ್ತದೆ ತೆರೆ, ಇಲ್ಲ, ಇಲ್ಲ ಎಂದು ಒತ್ತುತ್ತೇನೆ, ದೊಡ್ಡದು ಮಾಡುವ ಗುಂಡಿ ಯಾವುದು, ಇದು, ದೊಡ್ಡದಾಯಿತು, ಮುಖ, ಕೆಳಗೆ ಸರಿಸಬೇಕು, ಹಾರ, ಇನ್ನೂ ಕೆಳಗೆ, ಸೀರೆಯ ಅಂಚು, ತೊಡೆ, ನೋಡಬಾರದು, ನೋಡಿದರೆ ಮುಗಿಯಿತು, ಬರಿಗೈ ಇದ್ದರೆ ಸಾಯುವವರೆಗೂ ಅದೇ ಬರಿಗೈ, ಕಣ್ಣು ಮುಚ್ಚಿದೆ, ಶಿವಾ ಎಂದೆ, ತೆರೆದೆ. ಹಾರದ ಕೊನೆಯ ಹೂವುಗಳ ಕೆಳಗೆ ಎಡಗೈ, ಬೆರಳು ಮಡಿಸಿವೆ, ಪೂರ್ತಿ ಮಡಿಸಿವೆ, ಎಷ್ಟೋ ವರ್ಷದಿಂದ ಮಡಿಸಲು ಬಾರದ ಬೆರಳು — ಮತ್ತು ಅವಳ ಬೆರಳ ಮೇಲೆ ಬೇರೆ ಬೆರಳು. ಬೇರೆ ಕೈ. ಕುರ್ಚಿಯ ಹಿಂದಿನಿಂದ, ಬಿಳಿ ಬಟ್ಟೆಯ ಸಂದಿನಿಂದ ಬಂದು ಅವಳ ಮುಷ್ಟಿಯನ್ನು ತನ್ನೊಳಗೆ ಹಿಡಿದ ಕೈ, ಮುಂಗೈ ಮೇಲೆ ಜಾರಿದ ಸ್ಟೀಲು ಗಡಿಯಾರ. ಅಲ್ಲಿದ್ದ. ಅಲ್ಲೇ ಇದ್ದ. ನಾನು ಚೇತನ ಎಲ್ಲಿ ಎಂದು ಕೂಗುವಾಗ, ಹಾರ ಸರಿಸಿ, ಬೇಡ ಹಾಗೇ ಇರಲಿ, ಎಂದು ಬೆಳಕಿನ ಹಿಂದೆ ಓಡುವಾಗ, ಅಷ್ಟು ಹೊತ್ತೂ ಸಿಮೆಂಟಿನ ನೆಲದಲ್ಲಿ ಮೊಣಕಾಲೂರಿ ಕೂತಿದ್ದ, ಅವ್ವನ ಕೈ ಇನ್ನು ಹಿಡಿಯಲಾರದು ಎಂಬುದು ಅಪ್ಪನ ಕಣ್ಣಿಗೆ ಬೀಳಬಾರದೆಂದು, ಧೂಳು, ಆ ಧೂಳು, ಎಲ್ಲರೆದುರು ಬೈದೆನಲ್ಲ, ಕೊಡವಿಕೊಂಡನಲ್ಲ, ಒಂದು ಮಾತು ಹೇಳಬಾರದೇ ಮೂರ್ಖಾ, ಹೇಳಲಿಲ್ಲ, ಸುಮಂಗಲಾಗೆ ಗೊತ್ತಿತ್ತು, ಅದಕ್ಕೇ ನೆಲ ನೋಡಿದಳು. ಇನ್ನಷ್ಟು ದೊಡ್ಡದು ಮಾಡಿದೆ, ಚಿತ್ರ ಒಡೆದು ಚೌಕ ಚೌಕವಾಗುತ್ತದೆ, ಅವನ ಹೆಬ್ಬೆರಳಿಗೂ ಅವಳ ತೋರುಬೆರಳಿಗೂ ನಡುವೆ ಒಂದು ಸಂದು, ಸಂದಿನಲ್ಲಿ ಕಪ್ಪು, ಕಪ್ಪಿನ ಮೇಲೆ ನನ್ನ ಫ್ಲ್ಯಾಶಿನ ಬೆಳಕು, ಎಳ್ಳುಕಾಳಿನಷ್ಟು, ಉರಿಯುವ ಬೆಳಕು. ಲಿಂಗ. ಕೈಯಲ್ಲಿದೆ.

ಅಯ್ಯೋ ತೆಗೀರೀ, ಹೊರಟೇಹೋಯ್ತು, ಎನ್ನುತ್ತಾರೆ ದ್ವಾರಕನಾಥರು, ಹಡಗು ಎಲ್ಲ ಹಾಯಿ ಬಿಚ್ಚಿ ತಿರುಗುತ್ತಿದೆ, ಹೋಗಲಿ, ಎಷ್ಟು ದೊಡ್ಡದು, ಹೋಗಲಿ, ಪಶ್ಚಿಮಕ್ಕೆ ಪಾಸಿರ್ ಪಂಜಾಂಗಿನ ಕಡೆಗೆ ಹೋಗುತ್ತದೆ, ಅಲ್ಲಿ ಶಿಫ್ಟಿನಲ್ಲಿರುವ ನನ್ನ ಮಗ ಕಿಟಕಿಯಿಂದ ನೋಡಿದರೆ ನೋಡಲಿ, ಸಂಜೆ ಮನೆಗೆ ಬಂದಾಗ ಏನೆನ್ನಲಿ, ರೊಟ್ಟಿ ಅವನ ತಟ್ಟೆಗೆ ನಾನೇ ಹಾಕುತ್ತೇನೆ, ಆ ಮುಂಗೈ ಹಿಡಿದುಕೊಳ್ಳುತ್ತೇನೆ, ಗಡಿಯಾರದ ಮೇಲೆಯೇ, ಅವನು ಏನಪ್ಪಾ ಎನ್ನಲಿ — ಕಣ್ಣು ಮತ್ತೆ ತೆರೆಗೆ ಇಳಿಯುತ್ತದೆ, ಕೈಯೊಳಗೆ ಕೈ, ಎಳ್ಳುಕಾಳಿನಷ್ಟು ಬೆಳಕು, ತೆರೆ ತಾನಾಗಿ ಆರುತ್ತದೆ, ಒತ್ತುತ್ತೇನೆ, ಮತ್ತೆ ಬೆಳಗುತ್ತದೆ, ಕೈಯೊಳಗೆ ಕೈ, ಆರುತ್ತದೆ, ಒತ್ತುತ್ತೇನೆ, ಕೈಯೊಳಗೆ ಕೈ, ಶಿವನೇ, ನಿನ್ನ ಬಾಗಿಲಿಗೆ ಬರಿಗೈಯಲ್ಲಿ ಬಂದವಳಲ್ಲ ಅವಳು, ನಿಲ್ಲಿಸಿಕೊಳ್ಳಬೇಡ, ಒಳಗೆ ಕರೆದುಕೋ, ಆ ಬೆರಳುಗಳ ನೋವು ಇನ್ನು ಇರದಿರಲಿ, ನನ್ನ ಗೌರವ್ವ ತಣ್ಣಗಿರಲಿ.