ಮೂವತ್ತೈದು

"ಪರೀಕ್ಷೆ ಬರೆಯೋದೇನೂ ಬೇಡ ಅಕ್ಕ, ಇಲ್ಲೊಂದು ಸೈನ್ ಹಾಕಿ ಸಾಕು" ಎಂದು ಶಾಲೆಯ ಗುಮಾಸ್ತ ಅರ್ಜಿಯನ್ನು ಮುಂದಕ್ಕೆ ತಳ್ಳಿದ. ಹೈಸ್ಕೂಲು ಮುಗಿಸಿದ ಸರ್ಟಿಫಿಕೇಟಿಗೆ ಗಣಿತದ ಪರೀಕ್ಷೆ ಪಾಸಾಗಲೇಬೇಕೆಂಬ ನಿಯಮವನ್ನು ಸರ್ಕಾರ ಕೈಬಿಟ್ಟಿತ್ತು. ಹಿಂದೆ ಫೇಲಾದವರಿಗೂ ಹೊಸ ನಿಯಮವೇ ಅನ್ವಯವಂತೆ.

ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ ಮಾಡುವ, ಚಿಕ್ಕವರು ದೊಡ್ಡವರೆಲ್ಲ ಅಕ್ಕ ಎಂದೇ ಕರೆಯುವ ಆಕೆ ನಾಲ್ಕು ಸಲ ಗಣಿತದಲ್ಲಿ ಮುಗ್ಗರಿಸಿದವಳು. ಸರ್ಟಿಫಿಕೇಟಿದ್ದರೆ ಮೇಲ್ವಿಚಾರಕಿ ಮಾಡುತ್ತಾರೆಂದು ನಲವತ್ತೊಂದನೇ ವಯಸ್ಸಿನಲ್ಲಿ ಐದನೇ ಸಲಕ್ಕೆ ಟೊಂಕ ಕಟ್ಟಿ, ನಿವೃತ್ತ ಮೇಷ್ಟ್ರ ಮನೆಗೆ ಆರು ತಿಂಗಳು ಎಡತಾಕಿದ್ದಳು. ಈಗ ಹುಡುಕುವ ಬಳ್ಳಿ ತಾನಾಗಿಯೇ ಕಾಲಿಗೆ ತೊಡರಿತ್ತು. ಬೇಡ ಎನ್ನಲು ಅವಳೇನು ಹುಚ್ಚಿಯೇ? ಸೈನ್ ಹಾಕಿದಳು, ಗುಮಾಸ್ತ ಅಲ್ಲೇ ಮುದ್ರೆಯೊತ್ತಿ ಸರ್ಟಿಫಿಕೇಟು ಕೊಟ್ಟ. ಮನೆಯಲ್ಲಿ ಗಂಡ, ಮಗಳು ಹಿಗ್ಗಿದರು. ಅವಳಿಗೆ ಮಾತ್ರ ಪಾಸಾದೆ ಎಂದು ಎದೆತಟ್ಟಿ ಹೇಳಿಕೊಳ್ಳುವ ಅವಕಾಶ ಕೈತಪ್ಪಿ ಹೋಗಿತ್ತು.

ಭಾನುವಾರ ಬೆಳಿಗ್ಗೆ ಮೇಷ್ಟ್ರಲ್ಲಿಗೆ ಹೋಗಿ, ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ನೀವೇ ಕೊಟ್ಟು ಗಡಿಯಾರ ನೋಡಿ ಬರೆಸಿ ಎಂದಳು. ಅವರು ಊಟದ ಮೇಜು ಖಾಲಿ ಮಾಡಿಸಿ, ಕುಶಲ ವಿಚಾರಿಸಲು ಬಂದ ಹೆಂಡತಿಯನ್ನು ಬಾಯಿಯ ಮೇಲೆ ಬೆರಳಿಟ್ಟು ವಾಪಸು ಕಳಿಸಿ, ಮೂರು ಗಂಟೆ ಎದುರಿಗೆ ಕೂತರು. ಆಕೆ ಬರೆದು, ಅಳಿಸಿ, ಮತ್ತೆ ಬರೆದಳು.

ತಿದ್ದುವಾಗ ಕೆಂಪು ಪೆನ್ನು ಒಂದು ಕಡೆ ತಡೆದು ನಿಂತಿತು. ಹಾಸ್ಟೆಲಿನ ಇಪ್ಪತ್ತನಾಲ್ಕು ಕೋಣೆಗೆ, ಕೋಣೆಗೆ ಮೂರರಂತೆ ಎಷ್ಟು ಹೊದಿಕೆ ಬೇಕು ಎಂಬ ಲೆಕ್ಕ. ಎಪ್ಪತ್ತೆರಡು ಇರಬೇಕಾದಲ್ಲಿ ಮೂವತ್ತಾರು ಎಂದಿತ್ತು. ಲಾಂಡ್ರಿಯಲ್ಲಿ ಹೊದಿಕೆ ಎಣಿಸುವುದೇ ಎರಡಕ್ಕೆ ಒಂದು ಜೊತೆಯ ಲೆಕ್ಕದಲ್ಲಿ. ಹದಿನೆಂಟು ವರ್ಷದ ಅಭ್ಯಾಸ ಪರೀಕ್ಷೆಯಲ್ಲೂ ಬಿಟ್ಟಿರಲಿಲ್ಲ. ಮೇಷ್ಟ್ರು ಮಾರ್ಕುಗಳನ್ನು ಎರಡು ಸಲ ಕೂಡಿದರು.

"ಮೂವತ್ಮೂರಮ್ಮ. ಪಾಸಿಗೆ ಮೂವತ್ತೈದು. ಜೊತೆ ಅಂತ ಒಂದು ಮಾತು ಬರೆದಿದ್ರೆ ಈ ಎರಡು ಮಾರ್ಕು ನಿಂದೇ. ನಂಗೇನೋ ಅರ್ಥ ಆಯ್ತು. ಹಾಕ್ಲಾ?"

ಅಕ್ಕನ ಕಣ್ಣು ತುಂಬಿತು. ಆ ಮೂವತ್ತಾರನ್ನೇ ತುಸು ಹೊತ್ತು ನೋಡಿದಳು.

"ಬೇಡ ಮೇಷ್ಟ್ರೇ. ನಾನು ಬರ್ದಿಲ್ಲವಲ್ಲ" ಎಂದಳು. ಆಮೇಲೆ, ಇನ್ನೊಂದು ಪತ್ರಿಕೆ ಇದೆಯೇ ಎಂದು ಕೇಳಿದಳು.

ಮೇಷ್ಟ್ರು ಮೊಣಕಾಲು ಹಿಡಿದುಕೊಂಡು ಎದ್ದು, ಕಪಾಟಿನ ಕೆಳಗಿನ ಖಾನೆಯಲ್ಲಿ ಹುಡುಕತೊಡಗಿದರು. ಅವರು ತಿರುಗಿ ಬರುವಷ್ಟರಲ್ಲಿ ಆಕೆ ಪೆನ್ಸಿಲು ಚೂಪು ಮಾಡಿಟ್ಟುಕೊಂಡು ಕೂತಿದ್ದಳು.