ಮಗ್ಗುಲು

ಮೂರು ದಂಟೂ ನೆಟ್ಟಗೆ ತಲುಪಿದರೆ ಹೂವಿಗೆ ಅಪ್ಪನ ಹೆಸರು. ಒಂದು ಬಾಗಿದರೂ ಇಲ್ಲ. ಪುಷ್ಪ ಪ್ರದರ್ಶನದವರ ನಿಯಮ ಅಷ್ಟೇ.

ಕಪ್ಪಿಗೆ ತಿರುಗಿದ ಕೆಂಪಿನ, ಎದೆಯೆತ್ತರದ ಈ ಗ್ಲಾಡಿಯೋಲಸ್ ತಳಿಗಾಗಿ ಅಪ್ಪ ಅರ್ಧ ಆಯಸ್ಸು ಸವೆಸಿದ್ದ. ಅವನು ಹಾಸಿಗೆ ಹಿಡಿದ ವರ್ಷ ಕಿರಿಮಗಳು ತೋಟದ ಕಡೆ ತಲೆ ಹಾಕಲಿಲ್ಲ. ಗಡ್ಡೆಗಳು ನೆಲದಲ್ಲೇ ಕೊಳೆತವು. ಅಪ್ಪ ಹೋದ ಮೇಲೆ ಮೂರೇ ಗಡ್ಡೆ ಹೂಬಿಟ್ಟವು. ಮುಂದಿನ ವರ್ಷ ಇವೂ ಏಳುತ್ತವೆಂಬ ನಂಬಿಕೆ ಅವಳಿಗಿರಲಿಲ್ಲ.

ಬೆಳಿಗ್ಗೆ ಅಕ್ಕನ ಗಂಡ ಗಾಡಿ ತಂದು ನಿಲ್ಲಿಸಿದ. ಅವನು ಓಡಿಸುತ್ತಿದ್ದುದು ಹೆಣದ ಗಾಡಿ.

"ಬೇರೆ ಯಾವುದೂ ಸಿಗಲಿಲ್ವಾ ಭಾವ?"

"ಇಷ್ಟು ಉದ್ದದ್ದು, ಇಷ್ಟು ತಣ್ಣಗಿರೋದು ಊರಲ್ಲಿ ಇನ್ನೊಂದಿಲ್ಲ ಪುಟ್ಟಿ. ಇದರಲ್ಲಿ ಹೋದವರು ಒಬ್ಬರೂ ಇವತ್ತಿನವರೆಗೆ ಕುಲುಕ್ತು ಅಂತ ದೂರಿಲ್ಲ."

"ನಿಮ್ಮ ಬಾಯಿಗೊಂದು ಬೀಗ ಹಾಕ್ಬೇಕು."

ಬಕೆಟ್ಟಿನಲ್ಲಿ ನಿಲ್ಲಿಸಿದರೆ ತುದಿಗಳು ಚಾವಣಿಗೆ ತಾಗಿದವು. ಹಲಗೆಯ ಮೇಲೆ ಮಲಗಿಸದೆ ಗತಿಯಿರಲಿಲ್ಲ. ಕೊಯ್ದ ಮೇಲೂ ಈ ಹೂವು ಮಲಗಲು ಒಪ್ಪುವುದಿಲ್ಲ, ತಲೆಯೆತ್ತಿ ಏಳಲು ನೋಡುತ್ತದೆ. ಹಾಗೆ ಬಾಗಿದ್ದು ಮತ್ತೆ ನೆಟ್ಟಗಾಗದು. ಮಲಗಿಸಲೇಬೇಕಾದರೆ ಆಗಾಗ ಮಗ್ಗುಲು ಬದಲಿಸುತ್ತಿರಬೇಕು. "ಮೇಲು ಯಾವುದು ಅಂತ ಅದಕ್ಕೆ ಗೊತ್ತಾಗಬಾರದು," ಎನ್ನುತ್ತಿದ್ದ ಅಪ್ಪ.

ಅವಳು ಹಿಂದೆಯೇ ಹತ್ತಿ ಕೂತಳು. ಬಾಗಿಲು ಮುಚ್ಚಿತು. ಕಿಟಕಿಗಳಿಗೆ ಕಪ್ಪು ಬಳಿದಿದ್ದರಿಂದ ಹಗಲ ಬೆಳಕೂ ಒಳಗೆ ಬರಲಿಲ್ಲ. ತಡವಿ ತಡವಿ ಒಂದೊಂದೇ ದಂಟು ಹೊರಳಿಸಿದಳು. ಕೈಗೆ ಈ ಕೆಲಸ ಹೊಸದಲ್ಲ. ಬೆನ್ನು ಹುಣ್ಣಾಗದಂತೆ ಅಪ್ಪನನ್ನೂ ವರ್ಷವಿಡೀ ಹೀಗೇ ಹೊರಳಿಸಿದ್ದಳು. ಅವನೂ ಹೀಗೇ ಹಗುರವಾಗಿದ್ದ.

ರಾತ್ರಿಯೆಲ್ಲ ಕಣ್ಣು ಮುಚ್ಚಿರಲಿಲ್ಲ. ಹೂವಿನ ಪಕ್ಕದಲ್ಲಿ, ಅದರತ್ತ ಮುಖ ಮಾಡಿ, ಒಂದು ಗಳಿಗೆ ಒರಗಿದಳು.

ಬೆಳಕು ಕಣ್ಣಿಗೆ ಬಡಿಯಿತು. ಭಾವ ಬಾಗಿಲು ತೆರೆದು ನಿಂತಿದ್ದ.

"ಬಂತು, ಇಳಿ."

ದಾರಿಯೆಲ್ಲ ನಿದ್ದೆ ಹೋಗಿದ್ದಳು. ಎದ್ದು ಕೂತು ದಂಟುಗಳತ್ತ ತಿರುಗಿದಳು. ಮೂರೂ ದಾರ ಹಿಡಿದಂತೆ ನೆಟ್ಟಗಿದ್ದವು.

"ಪಾಪ, ನಿಂಗೊಂಚೂರೂ ಬಿಡುವಿರಲಿಲ್ಲ," ಎಂದ ಭಾವ. "ಹೊರಳಿಸೋ ಸದ್ದು ದಾರಿಯುದ್ದಕ್ಕೂ ಕೇಳ್ತಾನೇ ಇತ್ತು."

ದಂಟುಗಳತ್ತ ತಾನು ತಿರುಗಬೇಕಾಗಿ ಬಂದದ್ದು ಆಗ ಅವಳ ಅರಿವಿಗೆ ಬಂತು. ಮಲಗುವಾಗ ಅವು ಮುಖದ ಮುಂದಿದ್ದವು. ಏಳುವಾಗ ಬೆನ್ನ ಹಿಂದೆ. ಅವಳ ಶಾಲು ಸುರುಳಿಯಾಗಿ ಬೆನ್ನಿಗೆ ಆನಿಸಿತ್ತು. ಮೊಣಕಾಲುಗಳ ನಡುವೆ ಮಡಚಿದ ಟವೆಲ್. ಮೂಳೆಗೆ ಮೂಳೆ ಒತ್ತದಿರಲೆಂದು ಅವಳು ಅಪ್ಪನಿಗೆ ಇಡುತ್ತಿದ್ದ ಹಾಗೆಯೇ, ಅಂಚು ಒಳಗೆ ಮಾಡಿ. ಅಕ್ಕನಿಗೂ ಅದು ಬರುತ್ತಿರಲಿಲ್ಲ.

"ಭಾವ, ದಾರೀಲಿ ಎಲ್ಲಾದ್ರೂ ಬಾಗಿಲು ತೆಗೆದ್ರಾ?"

"ನಿಲ್ಲಿಸಿದ್ರೆ ತಾನೇ ತೆಗೆಯೋದು?"

ಸಭಾಂಗಣದಲ್ಲಿ ತೀರ್ಪುಗಾರ ಒಂದೊಂದು ದಂಟಿಗೂ ಅಳತೆಪಟ್ಟಿ ಹಿಡಿದು ಬಗ್ಗಿ ನೋಡಿದ.

"ಅಷ್ಟು ದೂರದಿಂದ ಒಂದೂ ಬಾಗಿಲ್ಲವಲ್ಲ! ಹೇಗೆ ತಂದ್ರಮ್ಮ?"

"ಮಲಗಿಸಿ."

ತಮಾಷೆಯೆಂದುಕೊಂಡು ಅವನು ನಕ್ಕ. ಸಹಿ ಹಾಕಿ ಮುಂದಿನ ಮೇಜಿಗೆ ಹೋದ.

ಫಲಕ ಬರೆಯುವ ಹೆಂಗಸು ಕುಂಚ ಅದ್ದಿಕೊಂಡು ಹೂವಿಗೆ ಯಾವ ಹೆಸರೆಂದು ಕೇಳಿದಳು. ಮಗಳು ಅಪ್ಪನ ಹೆಸರು ಹೇಳಿದಳು.

"ತೀರಿಕೊಂಡಿದ್ದಾರೆ ಅಂತ ಅರ್ಜೀಲಿದೆ, ಅಲ್ವಾ? ಮುಂದೆ ದಿವಂಗತ ಅಂತ ಸೇರಿಸ್ಲಾ?"

ಕುಂಚದ ತುದಿಯಿಂದ ಒಂದು ಹನಿ ಫಲಕದ ಮೇಲೆ ಬಿತ್ತು. ಹೆಂಗಸು ಅದನ್ನು ಒರೆಸಿ ಕಾದಳು.

"ಬೇಡ," ಎಂದಳು ಅವಳು. "ಸದ್ಯಕ್ಕೆ ಬೇಡ."